ಬೆಳಕಿನ ಶೀಟುಗಳ ಕೆಳಗೆ

ಸುಣ್ಣ ಬಳಿದ ಮೇಲೆ ಹೊಲಿಗೆ ಶೆಡ್ಡಿನೊಳಗೆ ಉಸಿರಾಡುವಂತಾಯಿತು. ಅಲ್ಲಿಯವರೆಗೆ ಮಧ್ಯಾಹ್ನವಾದರೆ ಸಾಕು, ತಗಡಿನ ಛಾವಣಿ ಕಾದ ಬಾಣಲೆಯಾಗುತ್ತಿತ್ತು. ಬಟ್ಟೆಗೆ ಬೆವರು ತಾಗಬಾರದೆಂದು ಹೆಂಗಸರು ಮೊಣಕೈಗೆ ಚಿಂದಿ ಸುತ್ತಿಕೊಂಡು ಕೂರುತ್ತಿದ್ದರು. ಯಾರಾದರೂ ತಲೆ ಸುತ್ತಿ ವಾಲಿದರೆ ಪಕ್ಕದವಳು ಒಂದು ಕೈಯಲ್ಲಿ ಅವಳ ಭುಜ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ತನ್ನ ಹೊಲಿಗೆ ಮುಗಿಸಿ, ಆಮೇಲೆ ನೀರು ತರಲು ಏಳುತ್ತಿದ್ದಳು. ಹಾಗೆ ಹಿಡಿದುಕೊಂಡದ್ದನ್ನು ಯಾರೂ ಉಪಕಾರವೆಂದು ಎಣಿಸುತ್ತಿರಲಿಲ್ಲ. ನಾಳೆ ವಾಲುವವಳು ತಾನೇ ಇರಬಹುದು.

ಸುಣ್ಣದ ಮಾತು ಎತ್ತಿದವಳು ಕಾಜಾ ಅಕ್ಕ. ಅಂಗಿಯ ಗುಂಡಿ ತೂರುವ ಕಾಜಾ ಹಾಕುವ ಮೆಷಿನ್ನಿನ ಮುಂದೆ ಅವಳು ಎಷ್ಟೋ ವರ್ಷದಿಂದ ಕೂತಿದ್ದಳು, ಅದಕ್ಕೇ ಆ ಹೆಸರು. ಅವಳ ಗಂಡ ಅದೇ ಶೆಡ್ಡಿನ ಮೇಸ್ತ್ರಿ. ನಲ್ಲಿ ಸೋರಿದರೆ, ಕಿಟಕಿ ಮುರಿದರೆ, ಛಾವಣಿಯ ಮೊಳೆ ಸಡಿಲವಾದರೆ ಎಲ್ಲದಕ್ಕೂ ಅವನೇ. ಮಂಡಿ ನೋವು ಶುರುವಾದ ಮೇಲೆ ಅವನು ಛಾವಣಿಗೆ ಹತ್ತುವುದನ್ನು ಬಿಟ್ಟಿದ್ದ. ಆ ಕೆಲಸ ಈಗ ಕಾಜಾ ಅಕ್ಕನ ತಮ್ಮನದು. ಶೀಟಿನ ಮೇಲೆ ಸದ್ದಿಲ್ಲದೆ ಓಡಾಡುತ್ತಾನೆಂದು ಅವನನ್ನು ಎಲ್ಲರೂ ಬೆಕ್ಕು ಎಂದೇ ಕರೆಯುತ್ತಿದ್ದರು.

ಸುಣ್ಣಕ್ಕೆ ಅಂಟು ಬೆರೆಸಿ ಬೆಕ್ಕು ಛಾವಣಿಯನ್ನೆಲ್ಲ ಬೆಳ್ಳಗೆ ಮಾಡಿದ. ತಗಡುಗಳ ನಡುವೆ ಅಲ್ಲಲ್ಲಿ ಬೆಳಕಿಗೆಂದು ಪ್ಲಾಸ್ಟಿಕ್ ಶೀಟುಗಳಿದ್ದವು. ಸಾಲಿಗೆ ನಾಲ್ಕರಂತೆ ಎರಡು ಸಾಲು. ಬಿಸಿಲು ಅವುಗಳಿಂದ ನೇರ ಸೂಜಿಯ ಮೇಲೇ ಬಿದ್ದು ಕಣ್ಣಲ್ಲಿ ನೀರು ತರಿಸುತ್ತಿತ್ತು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಕಾಲರ್ ಅಜ್ಜಿ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ ಕೂಗಿದಳು: "ಲೋ ಬೆಕ್ಕೇ, ಆ ಬೆಳಕಿನ ಶೀಟಿಗೂ ಒಂದು ಕೈ ಬಳಿಯೋ. ಕಾಲರ್ ಹೊಲೀತಿದೀನೋ ಕಣ್ಣು ಹೊಲ್ಕೋತಿದೀನೋ ಗೊತ್ತಾಗ್ತಿಲ್ಲ."

ಬೆಕ್ಕು ಏಣಿಯ ಬುಡದಲ್ಲಿದ್ದ ಭಾವನ ಮುಖ ನೋಡಿದ. ಮೇಸ್ತ್ರಿ, "ಅದಕ್ಕೂ ಬಳಿ, ತೆಳ್ಳಗೆ," ಎಂದ.

ಅಂದಿನಿಂದ ಶೆಡ್ಡಿನೊಳಗೆ ಹಾಲಿನಂಥ ಮೆದು ಬೆಳಕು. ಹೆಂಗಸರು ಬೆಕ್ಕಿಗೆ ಒಂದು ಅಂಗಿ ಹೊಲಿದು ಕೊಟ್ಟರು. ಉಳಿದ ಬಟ್ಟೆಯ ತುಂಡುಗಳನ್ನು ಸೇರಿಸಿ ಮಾಡಿದ್ದು. ಎಡತೋಳು ಒಂದು ಬಣ್ಣ, ಬಲತೋಳು ಇನ್ನೊಂದು ಬಣ್ಣ. ಅವನು ಅದನ್ನು ಖುಷಿಯಿಂದಲೇ ಹಾಕಿಕೊಂಡು ಓಡಾಡಿದ.

ಮೋಡದ ದಿನಗಳು ಹತ್ತಿರವಾದಾಗ ಮೇಸ್ತ್ರಿ ನೀರಿನ ದೋಣಿ ನೋಡಲು ಏಣಿ ಹತ್ತಿದ. ಮಂಡಿ ಪ್ರತಿ ಮೆಟ್ಟಿಲಿಗೂ ಗೊಣಗಿತು. ಛಾವಣಿಯ ಎರಡು ಇಳಿಜಾರುಗಳು ಕೂಡುವಲ್ಲಿ ಉದ್ದಕ್ಕೂ ಆ ತಗಡಿನ ದೋಣಿ ಇತ್ತು. ಮಳೆನೀರೆಲ್ಲ ಅದಕ್ಕಿಳಿದು ಕೊಳವೆಯಿಂದ ಕೆಳಗೆ ಹೋಗಬೇಕು. ಏಣಿಯ ತುದಿಯಿಂದ ಕತ್ತು ಚಾಚಿದರೆ ಅದರ ತುಂಬ ಒಣ ಎಲೆ, ಎದ್ದುಬಂದ ಸುಣ್ಣದ ಚಕ್ಕೆ, ಯಾವುದೋ ಹಕ್ಕಿಯ ಮುರಿದ ಗೂಡು. ಒಂದು ಜೋರು ಮಳೆ ಬಂದರೆ ನೀರು ಉಕ್ಕಿ ಕೆಳಗಿನ ಪ್ಯಾಕಿಂಗ್ ವಿಭಾಗದ ಮೇಲೇ ಸುರಿಯುತ್ತದೆ. ಅವನು ದೋಣಿಯಿಂದ ಕಣ್ಣು ತೆಗೆದು ಛಾವಣಿಯ ಕಡೆ ನೋಡಿದ.

ಬಿಳಿ ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ.

ಮೊದಲು ಬೆಳಕಿನ ಶೀಟುಗಳು ಬಿಸಿಲಿಗೆ ಹಳದಿಗಟ್ಟಿದ್ದವು. ತುಕ್ಕು ಹಿಡಿದ ತಗಡಿನ ನಡುವೆ ಅವು ದೂರಕ್ಕೇ ಕಾಣುತ್ತಿದ್ದವು. ಕಾಲು ತಾನಾಗಿಯೇ ಅವುಗಳನ್ನು ಬಳಸಿಕೊಂಡು ಹೋಗುತ್ತಿತ್ತು. ಹುಷಾರು ಎಂದು ಯಾರೂ ಯಾರಿಗೂ ಹೇಳಿದ್ದಿಲ್ಲ. ಇಷ್ಟು ವರ್ಷ ಮನುಷ್ಯರನ್ನು ಕಾಪಾಡಿಕೊಂಡು ಬಂದದ್ದು ಆ ಕೊಳಕು ಹಳದಿ ಬಣ್ಣ. ಅದನ್ನು ತಾವೇ ನಿಂತು, ಅಂಟು ಬೆರೆಸಿ ಮುಚ್ಚಿದ್ದರು. ಕೈಗೆಟುಕಿದ ಒಂದು ಶೀಟಿನ ಅಂಚನ್ನು ಅವನು ಹೆಬ್ಬೆರಳಿನಿಂದ ಒತ್ತಿದ. ಅದು ಒಣಗಿದ ತೊಗಟೆಯಂತೆ ಚಟ್ಟೆಂದು ಬಿರುಕು ಬಿಟ್ಟಿತು. ಕೆಳಗೆ, ಎರಡಾಳು ಎತ್ತರಕ್ಕಿಂತ ಹೆಚ್ಚು ಆಳದಲ್ಲಿ, ಕಬ್ಬಿಣದ ಮೆಷಿನ್ನುಗಳು.

ಅವನು ನಿಧಾನಕ್ಕೆ ಇಳಿದು ಬಂದು ಮ್ಯಾನೇಜರಮ್ಮನ ಗಾಜಿನ ಕೋಣೆಯ ಬಾಗಿಲು ತಟ್ಟಿದ. ಆಕೆಯ ಮೇಜಿನ ಮೇಲೆ ಊಟದ ಡಬ್ಬಿ ಇನ್ನೂ ಮುಚ್ಚಿದ ಹಾಗೇ ಇತ್ತು. ಸಂಜೆಯಾಗುತ್ತ ಬಂದಿತ್ತು.

"ಮೊದಲು ಕೂತ್ಕೊಳ್ಳಿ ಮೇಸ್ತ್ರಿ. ನೀವು ನಿಂತಿರೋದು ನೋಡಿದ್ರೆ ನನ್ನ ಮಂಡಿ ನೋಯತ್ತೆ," ಎಂದು ಆಕೆ ಕುರ್ಚಿಯ ಮೇಲಿದ್ದ ಬಟ್ಟೆಯ ಮಾದರಿಗಳನ್ನು ತಾನೇ ಎತ್ತಿಟ್ಟಳು.

ಅವನು ವಿಷಯ ಹೇಳಿದ. ಆಕೆ ಎರಡು ಕಣ್ಣನ್ನೂ ಅಂಗೈಯಿಂದ ಒತ್ತಿಕೊಂಡು ಕೇಳಿದಳು.

"ಸುಣ್ಣ ಒರೆಸಿಬಿಡೋಕೆ ಆಗಲ್ವಾ?"

"ಒರೆಸೋಕೂ ಮೇಲೆ ಹತ್ಬೇಕಲ್ಲ ಮೇಡಂ. ಅಂಟು ಬೇರೆ ಹಾಕಿದೀವಿ, ಅಷ್ಟು ಬೇಗ ಬಿಡಲ್ಲ."

"ಛಾವಣಿ ಹತ್ತೋರಿಗೆ ಅಂತ ಬೆಲ್ಟ್ ತರಿಸಿದೀನಲ್ಲ? ಹಗ್ಗ, ಕೊಕ್ಕೆ ಎಲ್ಲ ಇದೆ."

"ಇದೆ ಮೇಡಂ. ಒಳ್ಳೇ ಬೆಲ್ಟು. ಆದ್ರೆ ಛಾವಣಿ ಮೇಲೆ ಕಟ್ಟಿರೋ ಹಗ್ಗ ಒಂದೇ ಉದ್ದಕ್ಕೆ ಹೋಗಲ್ಲ, ನಡುವೆ ಕಂಬ ಇದೆ. ಅಲ್ಲಿ ಕೊಕ್ಕೆ ಬಿಚ್ಚಿ, ಆಚೆ ಹಗ್ಗಕ್ಕೆ ಹಾಕ್ಬೇಕು. ಬರ್ತಾ ಮತ್ತೆ ಹಾಗೇ. ನೆನಪಿದ್ರೆ ಸರಿ." ಆಮೇಲೆ ಕೇಳಿದ: "ನೀವು ಬೆಳಿಗ್ಗೆ ಮನೆಗೆ ಬೀಗ ಹಾಕಿದೀನೋ ಇಲ್ವೋ ಅಂತ ಯಾವತ್ತೂ ವಾಪಸ್ ಹೋಗಿ ನೋಡಿಲ್ವಾ?"

ಆಕೆ ನಕ್ಕಳು. ಆ ನಗುವಿನಲ್ಲೂ ಆಕಳಿಕೆ ಇತ್ತು. "ಇವತ್ತೇ ಹೋಗಿದ್ದೆ. ಹಾಕಿತ್ತು."

"ಅಷ್ಟೇ ಮೇಡಂ. ಬೆಲ್ಟು ಕೆಲಸ ಮಾಡ್ಬೇಕು ಅಂದ್ರೆ ಮನುಷ್ಯ ಎಚ್ಚರವಾಗಿರ್ಬೇಕು. ನನಗೆ ಮನುಷ್ಯ ಮರೆತ್ರೂ ಕೆಲಸ ಮಾಡೋದು ಬೇಕು. ಗೋದಾಮಿನ ಹಿಂದೆ ಹಳೇ ಕಬ್ಬಿಣದ ಜಾಲರಿ ಬಿದ್ದಿದೆ, ಗಟ್ಟಿ ಮಾಲು. ಒಂದೊಂದು ಬೆಳಕಿನ ಶೀಟಿನ ಕೆಳಗೂ ತೊಲೆಗೆ ಬೋಲ್ಟ್ ಹಾಕಿ ಕೂರಿಸಿಬಿಡ್ತೀನಿ. ವೆಲ್ಡಿಂಗ್ ಬೇಡ, ಕಿಡಿ ಬಟ್ಟೆ ಮೇಲೆ ಬೀಳತ್ತೆ. ಏಣಿ ತುದೀಗೂ ಹಿಡ್ಕೊಳ್ಳೋಕೆ ಒಂದು ಕಟಾಂಜನ. ಆಮೇಲೆ ಯಾರು ಹತ್ತಲಿ, ಹೇಗೆ ಹತ್ತಲಿ."

"ಎಷ್ಟು ಹೊತ್ತು ಹೊಲಿಗೆ ಲೈನ್ ನಿಲ್ಲಿಸ್ಬೇಕು?"

"ಎರಡು ದಿನವಾದ್ರೂ ಬೇಕು."

ಆಕೆ ಗೋಡೆಯ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. "ಈ ಆರ್ಡರ್ ಹೋಗೋವರೆಗೆ ಆಗಲ್ಲ ಮೇಸ್ತ್ರಿ. ನಿಲ್ಲಿಸಿದ್ರೆ ಮುಂದಿನ ಆರ್ಡರ್ ಬೇರೆ ಕಡೆ ಹೋಗತ್ತೆ. ಆಮೇಲೆ ಶೆಡ್ಡಿಗೇ ಬಾಗಿಲು ಹಾಕ್ಬೇಕು. ಅಲ್ಲಿವರೆಗೆ ಯಾರನ್ನೂ ಮೇಲೆ ಹತ್ತಿಸ್ಬೇಡಿ. ಸರೀನಾ?"

"ಮಳೆ?"

ಫೋನು ರಿಂಗಾಯಿತು, ಆಕೆ ಅದನ್ನು ಎತ್ತಿಕೊಂಡಳು. ಮೇಸ್ತ್ರಿ ಎದ್ದು, ಹೋಗುವಾಗ ಊಟದ ಡಬ್ಬಿಯನ್ನು ಆಕೆಯ ಕೈಯ ಹತ್ತಿರಕ್ಕೆ ಸರಿಸಿ ಬಂದ.

ಮನೆಯಲ್ಲಿ ಕಾಜಾ ಅಕ್ಕ ಇದನ್ನು ಕೇಳಿ ಒಲೆ ಆರಿಸಿದಳು. ಸೌಟು ಕೈಯಲ್ಲೇ ಉಳಿಯಿತು.

"ಸುಣ್ಣ ಬಳಿಸಿ ಅಂತ ನಿಮ್ಮ ಜೀವ ತಿಂದವಳು ನಾನೇ ಅಲ್ವಾ?"

"ಬಳಿ ಅಂದವನು ನಾನು. ಬಿಡು."

ಬೆಕ್ಕಿನ ಮನೆ ಅದೇ ಕಟ್ಟಡದಲ್ಲಿ ಮೇಲಿನ ಅಂತಸ್ತಿನಲ್ಲಿತ್ತು. ಅವನ ಹೆಂಡತಿ ಅವಳಿ ಹೆತ್ತಿದ್ದಳು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಇನ್ನೊಂದು ಮಲಗುವ ಹೊತ್ತಿಗೆ ಮೊದಲನೆಯದು ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಆ ಸಂಜೆ ಅವನು ಅಕ್ಕನ ಮನೆಗೆ ಪಾತ್ರೆ ಕೇಳಿಕೊಂಡು ಬಂದ. ಕೆನ್ನೆಯ ಗಡ್ಡ ಒಂದು ಕಡೆ ಬೋಳಿಸಿತ್ತು, ಇನ್ನೊಂದು ಕಡೆ ಹಾಗೇ ಇತ್ತು.

"ಏನೋ ಇದು, ಅರ್ಧ ಮುಖ?" ಎಂದಳು ಅಕ್ಕ.

ಅವನು ಕೆನ್ನೆ ಮುಟ್ಟಿ ನೋಡಿಕೊಂಡ. "ಅಯ್ಯೋ. ಚಿಕ್ಕದು ಅತ್ತಿತು, ಎದ್ದು ಹೋದೆ. ಮುಗೀತು ಅಂತ್ಲೇ ಅಂದ್ಕೊಂಡಿದ್ದೆ. ಇಡೀ ದಿನ ಹೀಗೇ ಓಡಾಡಿದೀನಾ? ಭಾವ, ನೀವಾದ್ರೂ ಹೇಳ್ಬಾರ್ದಿತ್ತಾ?"

"ಹೊಸ ಫ್ಯಾಶನ್ ಇರ್ಬೇಕು ಅಂದ್ಕೊಂಡೆ. ಅಂಗಿಗೆ ಜೋಡಿ," ಎಂದ ಮೇಸ್ತ್ರಿ. ಆಮೇಲೆ ಛಾವಣಿಯ ವಿಷಯ ತೆಗೆದ. ಬೆಕ್ಕು ಕೈಯಾಡಿಸಿ ತಳ್ಳಿಹಾಕಿದ.

"ಆ ಶೀಟೆಲ್ಲ ನನಗೆ ಅಂಗೈ ಇದ್ದ ಹಾಗೆ ಭಾವ. ಕಣ್ಣು ಕಟ್ಟಿ ಬಿಟ್ರೂ ನಡೀತೀನಿ. ಎಲ್ಲಿ ಯಾವುದಿದೆ ಅಂತ ಕಾಲಿಗೇ ಗೊತ್ತು."

ಹೇಳುತ್ತಿದ್ದವನು ನಿಂತಲ್ಲೇ ಎಡಕ್ಕೂ ಬಲಕ್ಕೂ ಮೆಲ್ಲಗೆ ತೂಗುತ್ತಿದ್ದ. ಕೈಯಲ್ಲಿ ಮಗುವಿರಲಿಲ್ಲ, ಖಾಲಿ ಪಾತ್ರೆ ಇತ್ತು. ಅದನ್ನೇ ಎದೆಗಾನಿಸಿಕೊಂಡು ತೂಗುತ್ತಿದ್ದ. ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಅವಳೂ ಅದನ್ನೇ ನೋಡುತ್ತಿದ್ದಳು. ಛಾವಣಿಯ ಮೇಲೆ ಮೈಯೆಲ್ಲ ಕಣ್ಣಾಗಿರಬೇಕು. ಇವನಿಗೆ ಇರುವ ಎರಡನ್ನು ತೆರೆದಿಟ್ಟುಕೊಳ್ಳುವುದೇ ಕಷ್ಟವಾಗಿತ್ತು.

ಮರುದಿನ ಕಾಜಾ ಅಕ್ಕ ಹೆಂಗಸರ ನಡುವೆ ವಿಷಯ ಹೇಳಿದಳು. ದೊಡ್ಡ ಮಾತೇನೂ ಆಡಲಿಲ್ಲ. ನಮಗೆ ತಂಪಾಗಲಿ ಅಂತ ಬಳಿದ ಸುಣ್ಣದಿಂದ ನಮ್ಮ ತಲೆ ಮೇಲೇ ಯಾರಾದರೂ ಬೀಳುತ್ತಾರೆ, ಶೀಟಿನ ಕೆಳಗೆ ಜಾಲರಿ ಹಾಕೋಣ ಅಂದರೆ ಲೈನ್ ನಿಲ್ಲಿಸೋ ಹಾಗಿಲ್ಲ, ಅಂದಳು. ಕಾಲರ್ ಅಜ್ಜಿ ಬಾಯಲ್ಲಿದ್ದ ದಾರದ ತುಂಡನ್ನು ಉಗುಳಿ, "ಊಟದ ಹೊತ್ತಿಗೆ ಮೆಷಿನ್ ಹೇಗೂ ನಿಂತಿರತ್ತಲ್ಲ. ಆಗ ಮಾಡ್ಕೊಳ್ಳಿ. ನಾವು ಆಚೆ ಜಗಲೀಲಿ ತಿಂತೀವಿ," ಎಂದಳು.

"ಮೆಷಿನ್ ಸರಿಸ್ಬೇಕಾಗತ್ತೆ ಅಜ್ಜಿ."

"ಸರಿಸೋಣ. ನನಗೇನು ಕೈ ಬಿದ್ದು ಹೋಗಿದ್ಯಾ? ನಾಲಿಗೆ ಒಂದೇ ಗಟ್ಟಿ ಅಂದ್ಕೊಂಡಿದೀರಾ ನಂದು?"

ಹಾಗೆ ಶುರುವಾಯಿತು. ಊಟದ ಗಂಟೆ ಹೊಡೆದ ಕೂಡಲೇ ಹೆಂಗಸರು ಒಂದು ಬೆಳಕಿನ ಶೀಟಿನ ಕೆಳಗಿನ ಮೆಷಿನ್ನುಗಳನ್ನು ಬದಿಗೆ ದೂಡುವರು. ಹೊಲಿದ ಬಟ್ಟೆಯ ಮೇಲೆ ತುಕ್ಕು ಉದುರದಂತೆ ದೊಡ್ಡ ಚಾದರ ಹಾಸುವರು. ಮೇಸ್ತ್ರಿ ಮತ್ತು ಬೆಕ್ಕು ನಾಲ್ಕೂ ಕಡೆ ಕಟಾಂಜನವಿದ್ದ ಗಾಲಿಯ ಅಟ್ಟಣೆಯನ್ನು ತಳ್ಳಿಕೊಂಡು ಬಂದು, ಮೇಲೆ ಹತ್ತಿ, ಜಾಲರಿಯ ತುಂಡನ್ನು ಹಗ್ಗದಿಂದ ಎಳೆದುಕೊಂಡು ತೊಲೆಗೆ ಬಿಗಿಯುವರು. ಮುಗಿದ ಮೇಲೆ ಪರೀಕ್ಷೆ. ಇಬ್ಬರೂ ಜಾಲರಿಗೆ ಬೆರಳು ಸಿಕ್ಕಿಸಿ ಅಟ್ಟಣೆಯಿಂದ ಕಾಲೆತ್ತಿ ಜೋತುಬೀಳುವರು.

"ನೋಡ್ರೇ ಬಾವಲಿಗಳು," ಎಂದು ಅಜ್ಜಿ ಜಗಲಿಯಿಂದ ಕೂಗುವಳು. "ಆ ಕಡೇದು ಮುದಿ ಬಾವಲಿ. ಬೇಗ ಇಳ್ಸಿ, ಬಿದ್ರೆ ನಮ್ಮ ಕಾಜಾ ಅಕ್ಕನಿಗೆ ಬೇರೆ ಸಿಗಲ್ಲ."

"ಸಿಗೋದು ಬೇಡ ಬಿಡಿ ಅಜ್ಜಿ, ಒಂದೇ ಸಾಕಾಗಿದೆ," ಎನ್ನುವಳು ಕಾಜಾ ಅಕ್ಕ. ಆದರೂ ಗಂಡನ ಕಾಲು ಮತ್ತೆ ಹಲಗೆ ಮುಟ್ಟುವವರೆಗೆ ಬಾಯಿಗಿಟ್ಟ ತುತ್ತನ್ನು ಅಗಿಯುತ್ತಿರಲಿಲ್ಲ.

ಮ್ಯಾನೇಜರಮ್ಮ ಮೊದಲ ದಿನವೇ ಇದನ್ನು ನೋಡಿದಳು. ಎರಡನೆಯ ದಿನ ಊಟ ಮುಗಿಯುವ ಗಂಟೆ ಸ್ವಲ್ಪ ತಡವಾಗಿ ಹೊಡೆಯಿತು. ಮೂರನೆಯ ದಿನ ಇನ್ನೂ ತಡವಾಗಿ. ಗಂಟೆಯ ಗುಂಡಿ ಇದ್ದದ್ದು ಆಕೆಯ ಕೋಣೆಯಲ್ಲಿ.

ಒಂದೊಂದಾಗಿ ಆಗುತ್ತ ಬಂತು. ಏಣಿಯ ತುದಿಗೂ ಕಟಾಂಜನ ಬಂತು. ಕೊನೆಯ ಸಾಲಿನಲ್ಲಿ ಒಂದೇ ಒಂದು ಉಳಿಯಿತು. ಅದರ ಕೆಳಗೆ ಇಸ್ತ್ರಿ ಮೇಜುಗಳು, ಹಬೆಯ ಕೊಳವೆಗಳು. ಅಲ್ಲಿಗೆ ಅಟ್ಟಣೆ ಹೋಗಬೇಕೆಂದರೆ ಹಬೆ ನಿಲ್ಲಿಸಿ, ಕೊಳವೆ ತಣಿದ ಮೇಲೆ ಬಿಚ್ಚಬೇಕು. ಊಟದ ಹೊತ್ತಿನಲ್ಲಿ ಆಗುವ ಕೆಲಸವಲ್ಲ. "ಆರ್ಡರ್ ಹೋದ ಮಾರನೇ ದಿನ," ಎಂದು ಮೇಸ್ತ್ರಿ ತನಗೆ ತಾನೇ ಹೇಳಿಕೊಂಡ. ಅಷ್ಟು ದಿನ ಕೈ ಮೇಲೆತ್ತಿ ಕೆಲಸ ಮಾಡಿ ಅವನ ಭುಜಗಳು ಬೇರೆ ಯಾರದೋ ಎಂಬಂತಾಗಿದ್ದವು.

ಆರ್ಡರ್ ಹೋಗಬೇಕಾದ ದಿನವೇ ಮಧ್ಯಾಹ್ನದ ನಂತರ ಗಾಳಿ ಎದ್ದಿತು. ಕಿಟಕಿಗಳು ಬಡಿದುಕೊಂಡವು. ಹಾಲಿನಂಥ ಬೆಳಕು ಬೂದಿಯಾಯಿತು. ಪ್ಯಾಕಿಂಗ್ ವಿಭಾಗದಲ್ಲಿ ರಟ್ಟಿನ ಪೆಟ್ಟಿಗೆಗಳು ಎದೆಯೆತ್ತರ ಪೇರಿಸಿದ್ದವು. ಲಾರಿ ಬರುವುದು ಸಂಜೆಗೆ. ಎಲ್ಲವನ್ನೂ ಬೇರೆ ಕಡೆ ಸಾಗಿಸಲು ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಮ್ಯಾನೇಜರಮ್ಮ ಬಂದು ಮೇಸ್ತ್ರಿಯ ಪಕ್ಕ ನಿಂತು ಮೇಲೆ, ದೋಣಿ ಇರುವ ಕಡೆ ನೋಡಿದಳು.

"ಮೇಸ್ತ್ರಿ..." ಎಂದಳು. ಅಷ್ಟಕ್ಕೇ ನಿಲ್ಲಿಸಿದಳು. ಹತ್ತಿಸಿ ಎಂದು ಆಕೆ ಹೇಳಲಿಲ್ಲ. ಹೇಳದೆ ನಿಂತದ್ದೇ ಅವನಿಗೆ ಹೆಚ್ಚಾಯಿತು.

"ಬೆಲ್ಟ್ ತಗೊಂಡ್ ಬಾರೋ," ಎಂದು ಅವನು ಬೆಕ್ಕನ್ನು ಕರೆದ. ಕಟ್ಟಿದ ಪಟ್ಟಿಗಳನ್ನು ತಾನೇ ಎಳೆದು ನೋಡಿದ. "ಏಣಿಯಿಂದ ನೇರ ದೋಣಿಗೆ. ಬಾಚಿ, ಬಕೆಟ್ಟಿಗೆ ತುಂಬಿ, ಅದೇ ದಾರೀಲಿ ವಾಪಸ್. ಅಲ್ಲೆಲ್ಲ ಕೆಳಗೆ ಜಾಲರಿ ಇದೆ. ಇಸ್ತ್ರಿ ಮೇಜಿನ ಕಡೆ ಮಾತ್ರ ತಲೆ ಹಾಕಿ ಕೂಡ ಮಲಗ್ಬೇಡ. ಕೇಳಿಸ್ತಾ?"

"ಕೇಳಿಸ್ತು ಭಾವ."

"ಏನು ಹೇಳ್ದೆ ಹೇಳು."

"ಮಲಗ್ಬೇಡ ಅಂದ್ರಿ."

"ಎಲ್ಲಿ?"

"ಇಸ್ತ್ರಿ ಮೇಜಿನ ಕಡೆ. ಹೋಗ್ಲಿ ಬಿಡಿ ಭಾವ, ನಾನೇನು ಮಗುವಾ," ಎಂದು ಬೆಕ್ಕು ಏಣಿ ಹತ್ತಿದ.

ಅವನು ಛಾವಣಿಗೆ ಕಾಲಿಟ್ಟದ್ದು ಒಳಗಿದ್ದವರಿಗೆಲ್ಲ ತಿಳಿಯಿತು. ಬೆಕ್ಕಿನ ಹೆಜ್ಜೆಗೂ ತಗಡು ಅಷ್ಟೋ ಇಷ್ಟೋ ಸದ್ದು ಮಾಡುತ್ತದೆ. ಮೊದಲು ಕಾಲರ್ ಅಜ್ಜಿ ಮೆಷಿನ್ ನಿಲ್ಲಿಸಿದಳು. ಆಮೇಲೆ ಅವಳ ಪಕ್ಕದವಳು. ಆ ಕಡೆಯಿಂದ ಈ ಕಡೆಯವರೆಗೆ ಮೆಷಿನ್ನುಗಳು ಒಂದರ ಹಿಂದೆ ಒಂದು ಸುಮ್ಮನಾದವು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ, ಯಾಕೆ ನಿಲ್ಲಿಸಿದಿರಿ ಎಂದು ಮ್ಯಾನೇಜರಮ್ಮ ಕೇಳಲೂ ಇಲ್ಲ. ಎಲ್ಲರೂ ಮೈಯೆಲ್ಲ ಕಿವಿಯಾಗಿ ಮೇಲೆ ನೋಡುತ್ತ ಕೂತರು. ಟಪ್. ಟಪ್. ಸದ್ದು ದೋಣಿಯ ಕಡೆ ಹೋಯಿತು. ಆಮೇಲೆ ಕೆರೆಯುವ ಸದ್ದು. ಸಲಿಕೆ ತಗಡಿಗೆ ತಾಗುವುದು, ಬಕೆಟ್ ಎಳೆಯುವುದು.

ಮೊದಲ ಹನಿಗಳು ಬಿದ್ದಾಗ ದೋಣಿ ತೆರೆದಿತ್ತು. ಕೊಳವೆಯಲ್ಲಿ ನೀರು ಗುಳುಗುಳು ಇಳಿಯುವುದನ್ನು ಕೇಳಿ ಪ್ಯಾಕಿಂಗ್‌ನ ಹೆಂಗಸರು ಒಟ್ಟಿಗೆ ಉಸಿರು ಬಿಟ್ಟರು. ಕಾಜಾ ಅಕ್ಕ ತಮ್ಮನಿಗೆಂದು ಒಂದು ಒಣ ಚಾದರ ಮಡಚಿ ತೊಡೆಯ ಮೇಲಿಟ್ಟುಕೊಂಡಳು.

ಹೆಜ್ಜೆಗಳು ವಾಪಸ್ ಹೊರಟವು. ಮೇಸ್ತ್ರಿ ಅವುಗಳ ಕೆಳಗೇ ಹೆಜ್ಜೆ ಹಾಕುತ್ತಿದ್ದ. ಟಪ್. ಟಪ್. ಏಣಿಯ ಕಡೆ ತಿರುಗಬೇಕಾದಲ್ಲಿ ಅವು ತಿರುಗಲಿಲ್ಲ. ಒಂದು ಕ್ಷಣ ನಿಂತವು. ಆಮೇಲೆ ಬಲಕ್ಕೆ ಹೊರಟವು.

ಬಲಕ್ಕೆ ಇಸ್ತ್ರಿ ಮೇಜುಗಳಿದ್ದವು.

"ಲೋ!" ಎಂದು ಮೇಸ್ತ್ರಿ ಕೂಗಿದ. "ಲೋ ನಿಲ್ಲೋ! ಆ ಕಡೆ ಅಲ್ಲ!"

ಅಷ್ಟರಲ್ಲಿ ಮಳೆ ಧಬಧಬ ಸುರಿಯತೊಡಗಿ, ತಗಡೆಲ್ಲ ಒಂದೇ ಸದ್ದಾಗಿ, ಹೆಜ್ಜೆಗಳೂ ಕೂಗೂ ಅದರೊಳಗೆ ಮುಳುಗಿಹೋದವು. ಮೇಸ್ತ್ರಿ ಓಡಿದ. ಎಷ್ಟೋ ವರ್ಷದಿಂದ ಅವನು ಓಡಿದ್ದನ್ನು ಯಾರೂ ನೋಡಿರಲಿಲ್ಲ. ಜೇಡರಬಲೆ ತೆಗೆಯುವ ಉದ್ದ ಕೋಲು ಸಿಕ್ಕಿತು, ಅದರಿಂದ ಮೇಲಕ್ಕೆ ತಗಡಿಗೆ ಬಡಿದ. ಇಸ್ತ್ರಿಯವನು ಬಿಸಿ ಪೆಟ್ಟಿಗೆಯನ್ನು ಬದಿಗಿಟ್ಟು, ಏನು ಮಾಡಬೇಕೆಂದು ತೋಚದೆ, ಮಡಚಿದ ಅಂಗಿಗಳ ರಾಶಿಯನ್ನೇ ಆ ಬೆಳಕಿನ ಶೀಟಿನ ಕೆಳಗೆ ನೆಲಕ್ಕೆ ಎಳೆದು ಹಾಕತೊಡಗಿದ. ಕಾಜಾ ಅಕ್ಕ ಕೂಗುತ್ತಿದ್ದುದು ಅವಳ ಬಾಯಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತಿತ್ತು.

ಮುರಿಯುವ ಸದ್ದು ಮಳೆಯನ್ನೂ ಮೀರಿ ಕೇಳಿಸಿತು.

ಮುರಿದದ್ದು ಇಸ್ತ್ರಿ ಮೇಜಿನ ಮೇಲಿನದಲ್ಲ. ಅದರ ಪಕ್ಕದ್ದು. ಹಿಂದಿನ ದಿನ ಊಟದ ಹೊತ್ತಿನಲ್ಲಿ ಜಾಲರಿ ಬಿಗಿದದ್ದು. ಶೀಟಿನ ಚೂರುಗಳೂ ನೀರೂ ಕೆಳಗೆ ಸುರಿದವು. ಜಾಲರಿ ದಡಕ್ಕನೆ ಕೆಳಗೆ ಜಗ್ಗಿ ಹೊಟ್ಟೆ ಬಿಟ್ಟುಕೊಂಡಿತು. ತೊಲೆ ಕಿರ್ರೆಂದಿತು. ಎಲ್ಲ ಅಲ್ಲಿಗೇ ನಿಂತಿತು. ಜಾಲರಿಯ ಕಣ್ಣುಗಳಿಂದ ಎರಡು ಬಣ್ಣದ ಅಂಗಿ ಕಾಣುತ್ತಿತ್ತು.

ಕಾಜಾ ಅಕ್ಕ ಅದರ ಕೆಳಗೆ ಹೋಗಿ, ಮುಖದ ಮೇಲೆ ನೀರು ಸುರಿಯುತ್ತಿರಲು, ಕಿರುಚಿದಳು: "ಲೋ! ಜೀವ ಇದೆಯೇನೋ! ಮಾತಾಡೋ!"

ಮೇಲಿಂದ ತುಂಬ ಸಣ್ಣ ದನಿಯಲ್ಲಿ ಬಂತು: "ಅಕ್ಕಾ... ಕೂಗ್ಬೇಡ. ಮಕ್ಕಳು ಎದ್ದಾವು."

ಕಾಲರ್ ಅಜ್ಜಿ ಮೊದಲು ನಕ್ಕಳು. ನಗುತ್ತಿದ್ದವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು.

ಶೆಡ್ಡಿನ ಎಲೆಕ್ಟ್ರಿಷಿಯನ್ ಮತ್ತು ಮೇಸ್ತ್ರಿ ಇನ್ನೊಂದು ಏಣಿಯನ್ನು ಛಾವಣಿಯ ಮೇಲೆ ಅಡ್ಡ ಮಲಗಿಸಿ, ಅದರ ಮೇಲೆ ತೆವಳಿಕೊಂಡು ಹೋಗಿ ಅವನನ್ನು ಎಳೆದುಕೊಂಡರು. ಇಳಿದು ಬಂದಾಗ ಅವನ ಮೊಣಕೈ ತರಚಿತ್ತು, ಗಲ್ಲದಲ್ಲಿ ಜಾಲರಿಯ ಚೌಕದ ಗುರುತು ಮೂಡಿತ್ತು. ಅಷ್ಟೇ. ಅಕ್ಕ ಅವನ ಬೆನ್ನಿಗೆ ಎರಡು ಗುದ್ದಿ, ಆ ಬೆನ್ನನ್ನೇ ಚಾದರದಿಂದ ಒರೆಸಿದಳು. ಅಜ್ಜಿ ದಾರ ಕತ್ತರಿಸುವ ಸಣ್ಣ ಕತ್ತರಿಯ ಮೊನೆಯಿಂದ ಅವನ ಕೂದಲಲ್ಲಿ ಸಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಒಂದೊಂದಾಗಿ ಆರಿಸಿದಳು.

"ಏಣಿ ಕಡೆ ಯಾಕೋ ತಿರುಗಲಿಲ್ಲ?" ಎಂದು ಮೇಸ್ತ್ರಿ ಕೇಳಿದ.

"ತಿರುಗ್ದೆ ಭಾವ. ಏಣಿ ಕಡೇನೇ ಬರ್ತಿದೀನಿ ಅಂದ್ಕೊಂಡಿದ್ದೆ. ಎಲ್ಲಿ ನೋಡಿದ್ರೂ ಬಿಳಿ. ಕಣ್ಣಿಗೆ ನೀರು ಬೇರೆ."

"ಕೊಕ್ಕೆ?"

ಬೆಕ್ಕು ಸೊಂಟದಲ್ಲಿ ನೇತಾಡುತ್ತಿದ್ದ ಕೊಕ್ಕೆಯನ್ನು ಹಿಡಿದು, ಅದು ಇನ್ನೊಬ್ಬರದೇನೋ ಎಂಬಂತೆ ನೋಡಿದ. "ಕಂಬದ ಹತ್ರ ಬಿಚ್ಚಿದ್ದು ನೆನಪಿದೆ. ಹಾಕಿದ್ದೂ ನೆನಪಿದೆ ಭಾವ. ದೇವರಾಣೆ, ಹಾಕಿದ ಹಾಗೇ ನೆನಪಿದೆ."

ಮೇಸ್ತ್ರಿಯ ಬಾಯಿಗೆ ಬೈಗುಳ ಬಂದಿತ್ತು. ಅದನ್ನು ಹೊರಗೆ ಹಾಕುವಷ್ಟು ತ್ರಾಣ ಇರಲಿಲ್ಲ. ಹೋಗು ಎಂದು ಕಳಿಸಿದವನು ತಾನು. ಆ ಒಂದು ಬಾಕಿ ಉಳಿದಿದ್ದಾಗಲೇ ಕಳಿಸಿದ್ದ. ಹೆಜ್ಜೆ ಇನ್ನೊಂದು ಮಾರು ಮುಂದೆ ಹೋಗಿದ್ದರೆ ಇಷ್ಟೂ ಜಾಲರಿ ಇದ್ದೂ ಇಲ್ಲದ ಹಾಗೆ. "ಮನೆಗೆ ಹೋಗಿ ಮಲಗು. ಅಕ್ಕ ಬಂದು ಮಕ್ಕಳನ್ನ ನೋಡ್ಕೋತಾಳೆ," ಎಂದು ಮಾತ್ರ ಹೇಳಿದ.

ಅಷ್ಟರಲ್ಲಿ ಮ್ಯಾನೇಜರಮ್ಮ ಇಸ್ತ್ರಿ ಮೇಜಿನ ಹಿಂದಿನ ಗೋಡೆಗೆ ಹೋಗಿ ಹಬೆಯ ಚಕ್ರವನ್ನು ತಿರುಗಿಸುತ್ತಿದ್ದಳು. ಚಕ್ರ ಬಿಗಿಯಾಗಿತ್ತು. ಎರಡೂ ಕೈ ಹಾಕಿ ತಿರುಗಿಸಿದಳು. ಕೊಳವೆಗಳು ಸುಸ್ಸೆಂದು ಸುಮ್ಮನಾದವು.

"ಮೇಡಂ, ಇನ್ನೂ ಒಂದು ರಾಶಿ ಇಸ್ತ್ರಿ ಇದೆ," ಎಂದ ಇಸ್ತ್ರಿಯವನು.

"ಇರಲಿ."

"ಲಾರಿ ಬರತ್ತೆ."

"ಬಂದು ಕಾಯಲಿ. ನಾನು ಮಾತಾಡ್ತೀನಿ." ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು. "ಇವತ್ತೇ ಮುಗಿಸೋಕಾಗತ್ತಾ?"

"ಆಗತ್ತೆ ಮೇಡಂ."

ಕೊಳವೆಗಳು ತಣಿದ ಮೇಲೆ ಬಿಚ್ಚಿದರು. ಮುರಿದ ಶೀಟಿನ ಮೇಲೆ ಎಲೆಕ್ಟ್ರಿಷಿಯನ್ ಟಾರ್ಪಾಲು ಎಳೆದು ಕಟ್ಟಿದ. ಮೇಸ್ತ್ರಿ ಅಟ್ಟಣೆ ಹತ್ತಿ, ಕೊನೆಯ ಜಾಲರಿಯನ್ನು ತೊಲೆಗೆ ಹಿಡಿದು, ಬೋಲ್ಟ್ ಹಾಕಿದ. ಮಳೆ ನಿಂತು ಸಂಜೆಯ ಬೆಳಕು ಸುಣ್ಣದ ಮೂಲಕ ಮಂಕಾಗಿ ಇಳಿಯುತ್ತಿತ್ತು. ಹೆಂಗಸರು ಯಾರೂ ಮನೆಗೆ ಹೊರಟಿರಲಿಲ್ಲ. ನೆಲಕ್ಕೆ ಎಳೆದು ಹಾಕಿದ್ದ ಅಂಗಿಗಳನ್ನು ಕೊಡವಿ, ಒಬ್ಬೊಬ್ಬರೂ ಹತ್ತು ಹದಿನೈದನ್ನು ತಮ್ಮ ಮೇಜಿಗೆ ಒಯ್ದು ಕೈಯಿಂದಲೇ ನೀವಿ ಮಡಚುತ್ತಿದ್ದರು.

ಕೊನೆಯ ಬೋಲ್ಟಿನ ಹತ್ತಿರ ಮೇಸ್ತ್ರಿ ಬಹಳ ಹೊತ್ತು ನಿಂತ. ಸ್ಪ್ಯಾನರ್ ಇಟ್ಟ, ತಿರುಗಿಸಿದ, ತೆಗೆದ. ಮತ್ತೆ ಇಟ್ಟ. ಆಮೇಲೆ ಕೆಳಗೆ ಬಗ್ಗಿ ನೋಡಿದ.

"ಕೇಳ್ತಾ? ಸ್ವಲ್ಪ ಮೇಲೆ ಬಾ."

"ನಾನಾ?" ಎಂದಳು ಕಾಜಾ ಅಕ್ಕ. "ನಾನೇನು ಮಾಡ್ಲಿ ಅಲ್ಲಿ?"

"ಎಲ್ಲ ಬಿಗಿ ಮಾಡಿದ ಹಾಗೇ ನೆನಪಿದೆ. ನನ್ನ ನೆನಪಿನ ಮೇಲೆ ಈಗ ನನಗೆ ನಂಬಿಕೆ ಇಲ್ಲ. ನೀನೊಂದ್ಸಲ ನೋಡು."

ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತಿದಳು. ಜನ್ಮದಲ್ಲಿ ಹತ್ತಿದವಳಲ್ಲ. ಮೇಲೆ ಬಂದು ಒಂದು ಕೈಯಲ್ಲಿ ಕಟಾಂಜನ ಹಿಡಿದು, ಇನ್ನೊಂದರಲ್ಲಿ ಸ್ಪ್ಯಾನರ್ ತೆಗೆದುಕೊಂಡಳು. ಗಂಡ ತೋರಿಸಿದ ಹಾಗೆ ಒಂದೊಂದು ಬೋಲ್ಟಿಗೂ ಇಟ್ಟು, ತುಟಿ ಕಚ್ಚಿ ಎಳೆದು ನೋಡಿದಳು. ಒಂದೂ ಅಲುಗಲಿಲ್ಲ. ಮೂಲೆಯದಕ್ಕೆ ಮಾತ್ರ ಅವಳು ಎರಡು ಸಲ ಎಳೆದಳು, ಅದೂ ಅಲುಗಲಿಲ್ಲ.

"ಬಿಗಿಯಾಗಿದೆ ರೀ."

"ಹೂಂ."

ಇಳಿಯಬೇಕಿತ್ತು. ಅದರ ಬದಲು ಇಬ್ಬರೂ ಹಲಗೆಯ ಮೇಲೆ ಕೂತು, ಕಟಾಂಜನಕ್ಕೆ ಬೆನ್ನು ಕೊಟ್ಟರು. ಅವಳು ಗಂಡನ ಮಂಡಿಯ ಮೇಲೆ ಅಂಗೈ ಇಟ್ಟಳು, ಒತ್ತಲಿಲ್ಲ. ಹೊರಗೆ ಲಾರಿಯ ಹಾರನ್ ಕೇಳಿಸಿತು. ಮ್ಯಾನೇಜರಮ್ಮ ಬಾಗಿಲ ಕಡೆ ಹೋಗುತ್ತ ಅವರನ್ನು ನೋಡಿ, ಕರೆಯದೆ ಮುಂದೆ ಹೋದಳು. ಕಾಲರ್ ಅಜ್ಜಿ ಮಡಚಿದ ಅಂಗಿಗಳನ್ನು ಹೊತ್ತು ಅಟ್ಟಣೆಯ ಪಕ್ಕದಲ್ಲೇ ಹಾದುಹೋಗುತ್ತಿದ್ದವಳು ನಿಂತು, ಗಾಲಿಯ ಬೀಗ ಹಾಕಿದೆಯೋ ಇಲ್ಲವೋ ಎಂದು ಕಾಲಿನಿಂದ ಒತ್ತಿ ನೋಡಿದಳು. ನಾಲ್ಕೂ ಗಾಲಿಗಳನ್ನು ಸುತ್ತಿ ಬಂದು ನೋಡಿ, ಆಮೇಲೆ ಹೋದಳು.